ಅಜ್ಜಿ ಅಚ್ಚಾಗಿರಲಿಲ್ಲ

ಮೆಟ್ಟುಗತ್ತಿಯಲ್ಲಿ ಹಲಸಿನಕಾಯಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ನಮ್ಮಜ್ಜಿ ಮಾಡುತ್ತಿದ್ದುದು ಇಷ್ಟೇ. ‘ಥೂ ಇದರ’ ಅಂತ ಕತ್ತಿಗೆ ಬೈದು, ಬೆರಳು ತೊಳೆದು, ಎಡಗೈಯಲ್ಲೇ ಸಾಂಬಾರ ಡಬ್ಬಿಯ ಮುಚ್ಚಳ ಎಬ್ಬಿಸಿ, ಒಂದು ಚಿಟಿಕೆ ಅರಿಶಿನ ಅದುಮಿ, ಹಳೇ ಪಂಚೆಯ ಚೂರು ಸುತ್ತಿ, ಮತ್ತೆ ಹೆಚ್ಚಲು ಕೂರುವುದು. ಒಲೆ ಮೇಲಿನ ನೀರು ಕುದಿಯುವುದರೊಳಗೆ ಚಿಕಿತ್ಸೆ ಮುಗಿದಿರುತ್ತಿತ್ತು. ಇದನ್ನು ಆವಿಷ್ಕಾರ ಅನ್ನುತ್ತಾರೆಂದು ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ.

1995ರ ಮಾರ್ಚಿನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಹೇಳಿತು. ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಪೇಟೆಂಟ್ ಸಂಖ್ಯೆ 5,401,504. ಹಕ್ಕುದಾರರು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. ರೋಗಿಗೆ ‘ಪರಿಣಾಮಕಾರಿ ಪ್ರಮಾಣ’ದ ಅರಿಶಿನ ಪುಡಿ ಕೊಡುವುದು, ಇದು ಹೊಸ ಶೋಧ. ಚಿಟಿಕೆ ಅನ್ನುವುದಕ್ಕೆ ಅಷ್ಟುದ್ದದ ಹೆಸರಿದೆಯೆಂದು ಗೊತ್ತಾದದ್ದೂ ಆಗಲೇ. ಸಂಶೋಧಕರಿಬ್ಬರೂ ಭಾರತ ಮೂಲದವರು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಇವರಿಗೆ ಯಾರು ಏನು ಮೆತ್ತಿದ್ದರೋ, ಅದು ಅರ್ಜಿಯಲ್ಲಿ ಕೇಳುವ ವಿಷಯವಲ್ಲ ಬಿಡಿ.

ಪೇಟೆಂಟ್ ನಡೆಯುವುದು ಅಮೆರಿಕದ ಗಡಿಯೊಳಗೆ ಮಾತ್ರ. ಹಾಗಾಗಿ ನಮ್ಮಜ್ಜಿ ಬಚಾವಾದಳು. ಕಷ್ಟವಿದ್ದದ್ದು ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದ ಅಮ್ಮಂದಿರಿಗೆ. ಉಪ್ಪಿನಕಾಯಿ, ಮೆಂತ್ಯದ ಹಿಟ್ಟು, ಅಂಟಿನುಂಡೆಯ ನಡುವೆ ಅರ್ಧ ಕೇಜಿ ಅರಿಶಿನವನ್ನೂ ಸೂಟ್‌ಕೇಸಿಗೆ ತುರುಕಿದ್ದರಲ್ಲ! ಅಡುಗೆಗೆ ಹಾಕಿದರೆ ಸಾರು, ಬೆರಳಿಗೆ ಹಾಕಿದರೆ ಮಿಸಿಸಿಪ್ಪಿಯವರ ಹಕ್ಕಿನ ಉಲ್ಲಂಘನೆ.

ಆಗಿನ ಅಮೆರಿಕದ ಕಾನೂನಿನ ಚೆಂದ ನೋಡಿ. ಒಂದು ಮದ್ದನ್ನು ಅಮೆರಿಕದಲ್ಲಿ ಯಾರಾದರೂ ಮೊದಲೇ ಬಳಸಿದ್ದರೆ ಅದು ಹಳತು, ಪೇಟೆಂಟ್ ಇಲ್ಲ. ಹೊರದೇಶದಲ್ಲಿ ಬಳಸಿದ್ದರೆ ಮಾತ್ರ ಅದು ಎಲ್ಲಾದರೂ ಅಚ್ಚಾಗಿರಬೇಕು, ಇಲ್ಲವೇ ಪೇಟೆಂಟ್ ಆಗಿರಬೇಕು. ಅಜ್ಜಿ ಅಮೆರಿಕದಲ್ಲಿ ಬೆರಳು ಕುಯ್ದುಕೊಂಡಿದ್ದರೆ ಸಾಕ್ಷಿ. ಆಗುಂಬೆಯಲ್ಲಿ ಕುಯ್ದುಕೊಂಡಿದ್ದಕ್ಕೆ ಬರೀ ಗಾಯ. ಈ ಭೇದ ಹೋದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಸಾಕ್ಷಿ ಹೇಳಬೇಕಾದ ಅಜ್ಜಿಯರೆಲ್ಲ ಗೋಡೆಯ ಮೇಲೆ, ಗಂಧದ ಹಾರದೊಳಗೆ.

ಹಾಗಾಗಿ 1996ರಲ್ಲಿ ಈ ಪೇಟೆಂಟನ್ನು ಪ್ರಶ್ನಿಸಲು ಹೊರಟ ನಮ್ಮ ಸಿಎಸ್‌ಐಆರ್, ಅಂದರೆ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ, ಅಜ್ಜಿಯರನ್ನು ಬಿಟ್ಟು ಕಪಾಟು ಹುಡುಕಿತು. ಸಂಸ್ಕೃತ, ಉರ್ದು, ಹಿಂದಿಯ ಗ್ರಂಥಗಳು ಸೇರಿ 32 ಆಧಾರ ಕೊಟ್ಟಿತು, ಕೆಲವು ನೂರು ವರ್ಷಕ್ಕೂ ಹಳೆಯವು. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಒಂದು ಲೇಖನವೂ ಅದರಲ್ಲಿತ್ತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ರದ್ದಾಯಿತು. ದೇಶವೆಲ್ಲ ಬೀಗಿತು, ನಾನೂ ಬೀಗಿದೆ. ಆಮೇಲೆ ಹೊಳೆಯಿತು: ಗೆದ್ದದ್ದು ಕಾಗದ. ಕೋಟ್ಯಂತರ ಅರಿಶಿನದ ಬೆರಳುಗಳನ್ನು ಯಾರೂ ಕೇಳಿರಲಿಲ್ಲ.

ಮತ್ತೆ ಹೀಗಾಗಬಾರದೆಂದು 2001ರಲ್ಲಿ ಸರ್ಕಾರ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುಮಾಡಿತು. ಒಳ್ಳೇ ಕೆಲಸ, ಇದರಿಂದ ಎಷ್ಟೋ ಪೇಟೆಂಟ್ ಅರ್ಜಿಗಳು ಬಿದ್ದುಹೋಗಿವೆ. ಅದರಲ್ಲಿ ನಮ್ಮ ಮದ್ದುಗಳು ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿವೆ. ಐದರಲ್ಲಿ ಕನ್ನಡವಿಲ್ಲ. ಇದ್ದರೂ ಏನು, ವರ್ಷಾನುಗಟ್ಟಲೆ ಬಾಗಿಲು ತೆರೆದದ್ದು ಪೇಟೆಂಟ್ ಕಚೇರಿಗಳಿಗೆ ಮಾತ್ರ, ಅದೂ ಗುಟ್ಟು ಬಿಡುವುದಿಲ್ಲವೆಂಬ ಒಪ್ಪಂದದ ಮೇಲೆ. ಅಂದರೆ ಅಜ್ಜಿಯ ಮದ್ದನ್ನು ಟೋಕಿಯೋದ ಅಧಿಕಾರಿ ಓದಬಹುದಿತ್ತು, ಮೊಮ್ಮಗ ಇಣುಕುವಂತಿರಲಿಲ್ಲ.

ಮೊನ್ನೆ ತೋಟದಲ್ಲಿ ಮೊಣಕಾಲ ಕೆಳಗೆ ಕತ್ತಿ ತಾಗಿತು. ಜೊತೆಗಿದ್ದ ಆಳು ಕಮ್ಯುನಿಸ್ಟ್ ಗಿಡದ ನಾಲ್ಕೆಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ ಹಿಂಡಿದ. ಹಸಿರು ರಸ ಚುರ್ರೆಂದಿತು, ರಕ್ತ ನಿಂತಿತು. ಈ ಗಿಡ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ವೀಸಾ ಇಲ್ಲದೆ ಬಂದು ಮಲೆನಾಡಿನ ಬೇಲಿಯನ್ನೆಲ್ಲ ತಿಂದಿದೆ. ಇದರ ಮೇಲೆ ಯಾರ ಹಕ್ಕಿದೆಯೋ ಎಂದು ನನಗೆ ಒಳಗೊಳಗೇ ಅಳುಕು. ಟಿಟಿ ಇಂಜೆಕ್ಷನ್‌ಗೆ ಹೊರಡುತ್ತಾ ಕೇಳಿದೆ, ‘ಇದು ಯಾವ್ದಾದ್ರೂ ಪುಸ್ತಕದಲ್ಲಿದೆಯೇನೋ?’

‘ಬೇಲೀಲಿ ಇದ್ಯಲ್ರಾ’ ಅಂದ.