ಬೀಪ್ ನಿಂತ ಮೇಲೂ ಹೆಜ್ಜೆ ಉಳಿಯಬೇಕಲ್ವಾ?

ಪಾರ್ಶ್ವವಾಯು ಆದವರ ಕಾಲಿಗೆ ಸೆನ್ಸರ್ ಕಟ್ಟಿ, ಪ್ರತಿ ಹೆಜ್ಜೆಗೂ ಸದ್ದು ಕೇಳಿಸಿದರೆ ನಡಿಗೆ ಸುಧಾರಿಸುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸುಧಾರಿಸುತ್ತದೆ, ಒಪ್ಪಿದೆ. ಆದರೆ 'ಪ್ರತಿ ಹೆಜ್ಜೆಗೂ' ಅನ್ನೋದರಲ್ಲೇ ಎಡವಟ್ಟಿರೋದು.

ನಮ್ಮ ಅಪ್ಪನಿಗೆ ಎಡಗಾಲು ಸೋತಿತ್ತು. ಶೂ ಒಳಗಿಟ್ಟ ಪಟ್ಟಿ, ಆ ಕಾಲಿನ ಮೇಲೆ ಸಾಕಷ್ಟು ಭಾರ ಬಿದ್ದರೆ ಬೀಪ್ ಅನ್ನುತ್ತಿತ್ತು. ಫಿಸಿಯೋಥೆರಪಿ ಕೋಣೆಯಲ್ಲಿ ಚೆನ್ನಾಗಿಯೇ ನಡೆದರು. ಮನೆಗೆ ಬಂದರೆ ಮತ್ತೆ ಬಲಕ್ಕೆ ವಾಲಿ, ಎಡಗಾಲು ಎಳೆದುಕೊಂಡು ಹೋಗೋದೇ. ಎಡ ಚಪ್ಪಲಿಯ ತುದಿ ಮಾತ್ರ ಸವೆದು ಹೋಗಿತ್ತು. ಸದ್ದಿಗೆ ಕಾಯೋದು ಅಭ್ಯಾಸ ಆಗಿತ್ತು, ಅಷ್ಟೇ.

ಆಮೇಲೆ ಥೆರಪಿಸ್ಟ್ ಬೇಕಂತಲೇ ಸದ್ದು ಕಡಿಮೆ ಮಾಡಿದರು. ನಾಲ್ಕೈದು ಹೆಜ್ಜೆಗೊಮ್ಮೆ ಮಾತ್ರ. ಆ ಸದ್ದು ಕೇಳಿಸೋದಕ್ಕೂ ಮೊದಲು "ಈಗ ಭಾರ ಬಿತ್ತಾ ಇಲ್ವಾ, ನೀವೇ ಹೇಳಿ" ಅಂತ ಕೇಳೋರು. ಅಪ್ಪ ರೇಗುತ್ತಿದ್ದರು, ಆ ಮಾತು ಬೇರೆ. ಅವರ ಊಹೆ ಸರಿ ಬರತೊಡಗಿದ ಮೇಲೇ ಮನೆಯಲ್ಲೂ ನಡಿಗೆ ಬದಲಾಗಿದ್ದು.

ಸ್ನಾಯುವಿನ ಸಂಕೇತ ತೋರಿಸುವ ಇಎಂಜಿ ಯಂತ್ರದ ಕಥೆಯೂ ಇದೇ. ಪರದೆ ನೋಡಿಕೊಂಡು ಪಾದ ಎತ್ತೋದು ಬೇರೆ, ಪರದೆ ಇಲ್ಲದೆ ಹೊಸ್ತಿಲು ದಾಟೋದು ಬೇರೆ. ಯಂತ್ರದ ಬಗ್ಗೆ ಇಷ್ಟೆಲ್ಲ ಬರೆದವರು, ಸದ್ದನ್ನು ಯಾವಾಗ ಕಡಿಮೆ ಮಾಡಬೇಕು ಅನ್ನೋದಕ್ಕೆ ಒಂದು ಸಾಲೂ ಇಟ್ಟಿಲ್ಲ ಯಾಕೆ?