ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಜೀವನಪೂರ್ತಿ ಮಾತ್ರೆಯೇ? ಸತ್ಯಾಂಶ

ಮಗುವನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕರೆದೊಯ್ದರೆ ಜೀವನಪೂರ್ತಿ ಮಾತ್ರೆ ನುಂಗಬೇಕಾಗುತ್ತದೆ ಎಂಬ ಸಂದೇಶ ತುಮಕೂರಿನ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. ಕಳುಹಿಸುವವರ ಕಾಳಜಿ ನಿಜವಾದದ್ದೇ. ಮಾಹಿತಿ ಮಾತ್ರ ತಪ್ಪು. ನಮ್ಮ ದೇಶದಲ್ಲಿ ಔಷಧ ಬರೆದುಕೊಡುವವರು ಮನೋವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನೋವೈಜ್ಞಾನಿಕ ಪರೀಕ್ಷೆಗಳಿಂದ ತೊಂದರೆಯ ಸ್ವರೂಪವನ್ನು ಗುರುತಿಸಿ, ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ನೆರವಾಗುತ್ತಾರೆ. ಅಷ್ಟಕ್ಕೂ ಈ ವೃತ್ತಿಯ ಬೇರು ಇರುವುದೇ ಶಾಲೆಯಲ್ಲಿ: 1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶುರುವಾದ ಮೊದಲ ಕ್ಲಿನಿಕ್‌ಗೆ ಶಿಕ್ಷಕಿಯೊಬ್ಬರು ಕರೆತಂದ 14 ವರ್ಷದ ಬಾಲಕನಿಗಿದ್ದದ್ದು ಸ್ಪೆಲಿಂಗ್ ಕಲಿಯಲಾಗದ ತೊಂದರೆ. ಅನುಮಾನವಿದ್ದವರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 2ನೇ ಸೆಕ್ಷನ್ ತೆರೆದು ನೋಡಬಹುದು. ಅಲ್ಲಿ ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ವ್ಯಾಖ್ಯೆಗಳು ಬೇರೆ ಬೇರೆಯಾಗಿವೆ. ಓದುವ ಪುರುಸೊತ್ತಿಲ್ಲದವರು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿದರೂ ಸಾಕು.