ತೆಂಗಿನಕಾಯಿ ನುಂಗಿದ ಗೊಬ್ಬರದ ಯಂತ್ರ

ಪುಣೆಯಲ್ಲಿ ಪಾಟಿ, ಅಂದರೆ ಬೋರ್ಡು, ಇಲ್ಲದೆ ಎಲೆಯೂ ಅಲುಗುವುದಿಲ್ಲ. ಬೆಲ್ ಒಂದೇ ಸಲ ಒತ್ತಿ, ವಿಳಾಸ ಕೇಳಬೇಡಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್. ಎಲ್ಲದಕ್ಕೂ ಒಂದು ಬೋರ್ಡು. ಕೋಥ್ರೂಡಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲೂ ಒಂದಿದೆ: 'ಶೂನ್ಯ ಕಚರಾ ಸೊಸೈಟಿ', ಅಂದರೆ ಕಸವೇ ಇಲ್ಲದ ಸೊಸೈಟಿ. ಅದರ ಕೆಳಗೇ ಕಸದ ಡ್ರಮ್ಮುಗಳು ಸಾಲಾಗಿ ನಿಂತಿರುತ್ತವೆ. ಬೋರ್ಡು ಓದಬೇಕಾದರೆ ಮೂಗು ಮುಚ್ಚಿಕೊಳ್ಳಬೇಕು, ಅಷ್ಟೆ.

ದೊಡ್ಡ ಸೊಸೈಟಿಗಳು ಹಸಿ ಕಸವನ್ನು ತಮ್ಮ ಆವರಣದಲ್ಲೇ 'ಸಾಧ್ಯವಾದಷ್ಟು' ಗೊಬ್ಬರ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ನಮ್ಮ ಕಮಿಟಿಗೆ ಇಡೀ ನಿಯಮದಲ್ಲಿ ಇಷ್ಟವಾದದ್ದು ಆ 'ಸಾಧ್ಯವಾದಷ್ಟು' ಒಂದೇ. ಇನ್ನೊಂದು ಕಡೆ, ಎರೆಗೊಬ್ಬರದ ಗುಂಡಿ ಇದ್ದರೆ ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ 5% ರಿಯಾಯಿತಿ ಕೊಡುತ್ತದೆ. ಗುಂಡಿಯೇನೋ ನಮ್ಮಲ್ಲಿದೆ. ಬಿಲ್ಡರ್ ಕಟ್ಟಿಕೊಟ್ಟು ಹೋಗಿದ್ದಾನೆ. ಅದರಲ್ಲಿ ಗಣಪತಿ ಮಂಟಪದ ಬಿದಿರು, ಕಾಲು ಮುರಿದ ಎರಡು ಕುರ್ಚಿ, ಒಂದು ಹಳೇ ಕೂಲರ್ ಇವೆ. ಎರೆಹುಳ ಮಾತ್ರ ಇಲ್ಲ.

ಹುಳ ಅಂದರೆ ಎರಡನೇ ವಿಂಗಿನವರಿಗೆ ಅಸಹ್ಯ. ಹಾಗಾಗಿ ಯಂತ್ರ ತರೋಣ ಎಂದಾಯಿತು. ಬೆಳಿಗ್ಗೆ ಕಸ ಹಾಕಿ, ಮರುದಿನ ಬೆಳಿಗ್ಗೆ ಗೊಬ್ಬರ ತೆಗೆಯಿರಿ ಎಂದು ಮಾರಲು ಬಂದವರು ಹೇಳಿದರು. ನಮ್ಮ ಅತ್ತೆ ಶಿರಸಿ ಕಡೆಯವರು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದವರು ನನ್ನ ಕಿವಿಯಲ್ಲಿ ಕೇಳಿದರು: "ಅಲ್ಲ ತಂಗಿ, 24 ಗಂಟೆಲಿ ಆಗೋದು ಸಂಡಿಗೆ ಅಲ್ವಾ?"

ಉದ್ಘಾಟನೆ ಜೋರಾಗಿಯೇ ನಡೆಯಿತು. ರಿಬ್ಬನ್, ಶಾಲು, ಪೇಢೆ. ಯಂತ್ರಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಮೊದಲ ಕಸ ಏನು ಹಾಕುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಸಭೆಗೆ ಯಾರಾದರೂ ಕಸ ಹಿಡಿದುಕೊಂಡು ಬರುತ್ತಾರಾ? ಅಧ್ಯಕ್ಷರು ಒಡೆದ ಕಾಯಿಯನ್ನೇ, ಚಿಪ್ಪಿನ ಸಮೇತ, ಭಕ್ತಿಯಿಂದ ಒಳಗೆ ಹಾಕಿದರು. ಗರ್ ಎಂದಿತು. ಕಟಕ್ ಎಂದಿತು. ನಿಂತಿತು. ಚಪ್ಪಾಳೆ ಇನ್ನೂ ನಡೆಯುತ್ತಲೇ ಇತ್ತು.

ಚಿಪ್ಪು ವಾರಂಟಿಯಲ್ಲಿ ಬರುವುದಿಲ್ಲವಂತೆ.

ಹೊಸ ಬ್ಲೇಡು ಬಂತು, ಯಂತ್ರ ಓಡಿತು. ಮರುದಿನ ಕಂದು ಬಣ್ಣದ ಪುಡಿಯೂ ಬಂತು. ಎಲ್ಲರೂ ಪೊಟ್ಟಣ ಕಟ್ಟಿಕೊಂಡು ಹೋಗಿ ಗುಲಾಬಿ ಕುಂಡಕ್ಕೆ ಹಾಕಿದರು. ನೀರು ಬಿದ್ದದ್ದೇ ತಡ, ಬೂಷ್ಟು ಹಿಡಿದು ನಾತ ಎದ್ದಿತು. ಯಂತ್ರ ಮಾಡಿದ್ದು ಕಾಯಿಸಿ ಒಣಗಿಸುವ ಕೆಲಸ. ಕೊಳೆಯುವ ಕೆಲಸ ಬಾಕಿಯೇ ಇತ್ತು. ಅದನ್ನು ಕಸ ನಮ್ಮ ಬಾಲ್ಕನಿಗಳಲ್ಲಿ ಮುಗಿಸಿತು. ಕರೆಂಟ್ ಬಿಲ್ಲು ಬಂದ ಮೇಲೆ ಕೋಣೆಗೆ ಬೀಗ ಬಿತ್ತು. ಬಾಗಿಲಿಗೆ ಪಾಟಿ: 'ಯಂತ್ರ ವಿಶ್ರಾಂತಿಯಲ್ಲಿದೆ. ಕಸ ತಂದು ತೊಂದರೆ ಕೊಡಬೇಡಿ.'

ಇತ್ತ ಅತ್ತೆಯ ಅಡುಗೆಮನೆಯಲ್ಲಿ ಕಸ ಹುಟ್ಟುವುದೇ ಕಡಿಮೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಬಿಳಿ ತಿರುಳು ದೋಸೆಗೆ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಊರಲ್ಲಾಗಿದ್ದರೆ ಅದು ಕಲಗಚ್ಚಾಗಿ ದನದ ಹೊಟ್ಟೆಗೆ ಹೋಗುತ್ತಿತ್ತು. ಉಳಿದದ್ದಕ್ಕೆ ಬಾಲ್ಕನಿಯಲ್ಲಿ ತೂತು ಹೊಡೆದ ಎರಡು ಮಣ್ಣಿನ ಕುಂಡ, ಒಳಗೆ ಎರೆಹುಳ. ಒಂದು ಹಿಡಿ ಸಿಪ್ಪೆ, ಅದರ ಮೇಲೆ ಎರಡು ಹಿಡಿ ಒಣ ಎಲೆ. ನಿಂಬೆ ಸಿಪ್ಪೆ, ಉಪ್ಪಿನಕಾಯಿ, ಎಣ್ಣೆಯ ಪಲ್ಯ ಹಾಕುವಂತಿಲ್ಲ, ಹುಳಕ್ಕೆ ಆಗುವುದಿಲ್ಲ. ಜಾಸ್ತಿ ಒದ್ದೆಯಾದರೆ ಇನ್ನಷ್ಟು ಎಲೆ. ಎರಡು-ಮೂರು ತಿಂಗಳಿಗೆ ಕಪ್ಪು ಗೊಬ್ಬರ, ಮಳೆ ಬಿದ್ದ ಮಣ್ಣಿನ ವಾಸನೆ. ಎಲೆಗಾಗಿ ಅತ್ತೆ ಬೆಳಿಗ್ಗೆ ಬೇಗ ಏಳಬೇಕು. ತಡವಾದರೆ ಸೊಸೈಟಿಯವರು ಗುಡಿಸಿ ಸುಟ್ಟುಬಿಡುತ್ತಾರೆ. ಯಂತ್ರಕ್ಕೆ ಒಣ ಪದಾರ್ಥ ಬೇಕೆಂದು ತೆಂಗಿನ ನಾರಿನ ಪುಡಿಯನ್ನು ಆನ್‌ಲೈನಲ್ಲಿ ತರಿಸಿದವರೂ ಇವರೇ.

ಹೀಗಿರುವಾಗ ಅತ್ತೆಗೆ ನೋಟಿಸ್ ಬಂತು. ಬಾಲ್ಕನಿಯಲ್ಲಿ ಪ್ರಾಣಿ ಸಾಕಿದ್ದೀರಿ, ಸಾಕುಪ್ರಾಣಿ ಫಾರಂ ತುಂಬಿಲ್ಲ, ಸಂಖ್ಯೆ ತಿಳಿಸಿ ಅಂತ. ಅತ್ತೆ ಕನ್ನಡಕ ಹಾಕಿಕೊಂಡು ಫಾರಂ ಪೂರ್ತಿ ಓದಿದರು. 'ಲಸಿಕೆ ಹಾಕಿಸಲಾಗಿದೆಯೇ' ಎಂಬಲ್ಲಿ ಸ್ವಲ್ಪ ಹೊತ್ತು ನಿಂತರು. ಸಂಖ್ಯೆಯ ಮುಂದೆ 'ನಿನ್ನೆಗಿಂತ ಜಾಸ್ತಿ' ಎಂದು ಬರೆದು ಕಳಿಸಿದರು.

ಅದಾಗಿ ಒಂದು ವಾರಕ್ಕೆ ಸೆಕ್ರೆಟರಿ ನಮ್ಮ ಬಾಗಿಲಲ್ಲಿ. ಕೈಯಲ್ಲಿ ನೀಲಿ ಬಕೆಟ್. ರಿಯಾಯಿತಿಯ ತಪಾಸಣೆ ನಾಳೆಯೇ ಅಂತೆ, ಗುಂಡಿಯಲ್ಲಿ ಹುಳ ಕಾಣಬೇಕಂತೆ.

"ಕಾಕೂ, ಒಂದು ಬಕೆಟ್ ಹುಳ ಕೊಡಿ. ಒಂದೇ ದಿನಕ್ಕೆ. ವಾಪಸ್ ಕೊಡ್ತೇವೆ."

"ಎಣಿಸಿ ಕೊಡ್ಲಾ?" ಎಂದರು ಅತ್ತೆ. ಎಣಿಸದೆಯೇ ಕೊಟ್ಟರು, ಮೇಲೆ ಎರಡು ಹಿಡಿ ಬಾಳೆಹಣ್ಣಿನ ಸಿಪ್ಪೆ ಬೇರೆ. ಪ್ರಯಾಣದಲ್ಲಿ ಹಸಿವಾಗಬಾರದಲ್ಲ.

ರಾತ್ರೋರಾತ್ರಿ ಕೂಲರ್, ಕುರ್ಚಿ, ಬಿದಿರು ಎಲ್ಲ ಯಂತ್ರದ ಕೋಣೆ ಸೇರಿದವು. ಬೆಳಿಗ್ಗೆ ಗುಂಡಿಯಲ್ಲಿ ಕಪ್ಪು ಮಣ್ಣು, ಮಣ್ಣಲ್ಲಿ ನಮ್ಮ ಮನೆಯ ಹುಳ. ಅಧ್ಯಕ್ಷರು ಗುಂಡಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. 5% ಸಿಕ್ಕಿತು.

ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವುದು ನಮ್ಮಲ್ಲಿ ಪದ್ಧತಿ. ಇಲ್ಲೂ ಅದೇ ಇರಬೇಕು. ಮೂರು ದಿನ ಬಿಟ್ಟು ವಾಚ್‌ಮನ್ ಆ ನೀಲಿ ಬಕೆಟ್ ತಂದಿಟ್ಟ. ಅತ್ತೆ ಖುಷಿಯಿಂದ ಬಗ್ಗಿ ನೋಡಿದರು. ಹುಳ ಇರಲಿಲ್ಲ. ತಳದಲ್ಲಿ ನಾಲ್ಕು ಮಡಿಕೆಯ ಎರಡನೇ ನೋಟಿಸ್ ಇತ್ತು.